ಅಪ್‌ಡೇಟ್: ಈ ಸಲ ಒಬಾಟ್ಸ್ಡಾ ನೀರೊಡೆಯಲಿಲ್ಲ

ಮ್ಯೂನಿಕ್‌ನ ನಮ್ಮ ಮನೆಯಲ್ಲಿ ಮಾಡಿದ ಒಬಾಟ್ಸ್ಡಾ (ಚೀಸ್ ಮತ್ತು ಬೆಣ್ಣೆ ಕಿವುಚಿ ಮಾಡುವ, ಬ್ರೆಡ್ಡಿನ ಜೊತೆ ತಿನ್ನುವ ಜರ್ಮನಿಯ ಬವೇರಿಯಾ ಪ್ರಾಂತ್ಯದ ತಿನಿಸು) ಮರುದಿನಕ್ಕೆ ನೀರೊಡೆದು ಕಹಿಯಾಗುವುದೇಕೆಂದು ಕೇಳಿದ್ದೆ. ಹಿಂದಿನ ರಾತ್ರಿಯೇ ಈರುಳ್ಳಿ ಬೆರೆಸುವುದು ತಪ್ಪೆಂದು ನೀವು ತಿಳಿಸಿದ್ದು ಸರಿಯಾಗಿತ್ತು, ಹೃತ್ಪೂರ್ವಕ ಧನ್ಯವಾದಗಳು.

ಈ ಭಾನುವಾರ, ಚೆನ್ನಾಗಿ ಮಾಗಿದ 250 ಗ್ರಾಂ ಕ್ಯಾಮೆಂಬರ್ ಚೀಸನ್ನು ಎರಡು ಗಂಟೆ ಹೊರಗಿಟ್ಟು, ಬೆರಳೊತ್ತಿದರೆ ತಗ್ಗುವಷ್ಟು ಅದು ಮೆತ್ತಗಾದ ಮೇಲೆ 60 ಗ್ರಾಂ ಬೆಣ್ಣೆ, ಸಿಹಿ ಪ್ಯಾಪ್ರಿಕಾ ಪುಡಿ, ಕುಟ್ಟಿದ ಕ್ಯಾರವೇ ಕಾಳು (ಜೀರಿಗೆಯಂತೆ ಕಾಣುವ ಮಸಾಲೆ) ಹಾಗೂ ಎರಡು ಚಮಚ ಬಿಯರ್ ಸೇರಿಸಿ ಫೋರ್ಕಿನಿಂದ ಕಿವುಚಿದೆ. ಮಿಕ್ಸಿಗೆ ಹಾಕಲಿಲ್ಲ, ಬವೇರಿಯಾದ ಆಡುಮಾತಿನಲ್ಲಿ ಒಬಾಟ್ಸ್ಡಾ ಎಂಬ ಹೆಸರಿನ ಅರ್ಥವೇ ಕಿವುಚಿ ಬೆರೆಸಿದ್ದು ಎಂದು, ಅಲ್ಲಲ್ಲಿ ಚೀಸಿನ ಬಿಳಿ ಸಿಪ್ಪೆಯ ಚೂರುಗಳು ಬಾಯಿಗೆ ಸಿಗಲೇಬೇಕು.

ಕೆಂಪು ಈರುಳ್ಳಿಯ ಬಳೆಗಳನ್ನು ಬಡಿಸುವಾಗಷ್ಟೇ ಮೇಲಿಟ್ಟು, ಮೂಲಂಗಿ ಬಿಲ್ಲೆ ಮತ್ತು ಪ್ರೆಟ್ಸೆಲ್ ಜೊತೆ ಕೊಟ್ಟೆ. ಈರುಳ್ಳಿಯಿಲ್ಲದೆ ಎತ್ತಿಟ್ಟಿದ್ದ ಪಾಲು ಸೋಮವಾರ ಸಂಜೆಯೂ ಗಟ್ಟಿಯಾಗಿ, ರುಚಿಯಾಗಿಯೇ ಇತ್ತು.