ದಿನಕ್ಕೆ ನಾಲ್ಕು ಸಲ ಕರೆದರೆ ಹಾಲು ನಿಜಕ್ಕೂ ಜಾಸ್ತಿ ಆಗುತ್ತಾ?

ಪ್ರಶ್ನೆ:
ಹಸು ಕರು ಹಾಕಿ ವಾರವಾಯಿತು. ಎರಡೇ ಹೊತ್ತು ಕರೆಯುತ್ತೇನೆ. ಮಧ್ಯಾಹ್ನಕ್ಕೇ ಕೆಚ್ಚಲು ಬಿಗಿದು, ಮೊಲೆಯಿಂದ ಹಾಲು ತೊಟ್ಟಿಕ್ಕುತ್ತದೆ. ಹೆಚ್ಚು ಸಲ ಕರೆದರೆ ಹಾಲು ಹೆಚ್ಚುತ್ತಾ, ಇಲ್ಲ ಅದೇ ಹಾಲು ಹಂಚಿಹೋಗುತ್ತಾ?

ಉತ್ತರ 1:
ಖಂಡಿತ ಹೆಚ್ಚುತ್ತದೆ. ಈಗಲೇ ಶುರು ಮಾಡಿ, ಮೊದಲ ಮೂರು ವಾರ ಬಹಳ ಮುಖ್ಯ. ಆಮೇಲೆ ಎರಡು ಹೊತ್ತಿಗೆ ಇಳಿಸಿದರೂ ಹೆಚ್ಚಿದ ಹಾಲಿನಲ್ಲಿ ಒಂದು ಪಾಲು ತಿಂಗಳುಗಟ್ಟಲೆ ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. ಒಂದೇ ಹಸುವಿನ ಅರ್ಧ ಕೆಚ್ಚಲನ್ನು ಎರಡು ಸಲ, ಇನ್ನರ್ಧವನ್ನು ನಾಲ್ಕು ಸಲ ಕರೆಯುತ್ತಾರೆ. ಮೇವು ಅದೇ, ರಕ್ತ ಅದೇ, ಹಾರ್ಮೋನೂ ಅದೇ. ಆದರೂ ನಾಲ್ಕು ಸಲ ಕರೆದ ಕಡೆ ಹಾಲು ಜಾಸ್ತಿ! ಎರಡೂ ಕಡೆಯ ಜೀವಕೋಶಗಳಲ್ಲಿ ಹಲವು ಜೀನ್‌ಗಳ ಚಟುವಟಿಕೆಯೂ ಬೇರೆ ಬೇರೆ. ಅಂದರೆ ಎಷ್ಟು ಹಾಲು ಮಾಡಬೇಕೆಂದು ಕೆಚ್ಚಲೇ ಅಲ್ಲಲ್ಲೇ ತೀರ್ಮಾನಿಸುತ್ತದೆ, ಅಲ್ವಾ?

ಉತ್ತರ 2:
ಹೌದು, ಹಾಲು ಒಳಗೇ ನಿಂತಷ್ಟೂ ತಯಾರಿ ಕುಗ್ಗುತ್ತದೆ. ಆದರೆ ಮೇವು ಹೆಚ್ಚಿಸದೆ ಸುಮ್ನೆ ಕರೆಯಬೇಡಿ, ಹಸು ಸೊರಗುತ್ತದೆ. ಈಗಲೇ ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಬೇಡವೇ ಬೇಡ.

ಕೇಳಿದವರು:
ನಡುರಾತ್ರಿ ಏಳಬೇಕಾ?

ಉತ್ತರ 1:
ಬೇಡ. ಸಮ ಅಂತರ ಬೇಕಿಲ್ಲ. ಬೆಳಗ್ಗೆ ಕರೆದು ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಕರೆಯಿರಿ, ಸಂಜೆಯೂ ಹಾಗೇ.