ಬೋರ್ಟೆಜೋಮಿಬ್ ಬಗ್ಗೆ: ಕಸ ತೆಗೆಯೋದನ್ನ ನಿಲ್ಲಿಸಿದ್ರೆ ಕ್ಯಾನ್ಸರ್ ಕೋಶ ಸಾಯೋದು ಹೇಗೆ?

ತುಂಗೆದಂಡೆ:

ನಮ್ಮಪ್ಪನಿಗೆ 66. 29 ವರ್ಷ ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಸೊಂಟನೋವು ಅಂತ ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡು ಓಡಾಡಿದ್ರು. ಹಿಮೋಗ್ಲೋಬಿನ್ 7ಕ್ಕೆ ಇಳಿದ ಮೇಲೆ ಗೊತ್ತಾಯ್ತು, ಮಲ್ಟಿಪಲ್ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್. ಈಗ ವಾರಕ್ಕೊಂದು ಬೋರ್ಟೆಜೋಮಿಬ್ ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. ಜೊತೆಗೆ ಲೆನಾಲಿಡೊಮೈಡ್ ಕ್ಯಾಪ್ಸೂಲು, ಡೆಕ್ಸಾ ಅನ್ನೋ ಸ್ಟೀರಾಯ್ಡ್ ಮಾತ್ರೆ.

ಕೋಶದೊಳಗೆ ಬೇಡದ ಪ್ರೋಟೀನ್ ಚೂರು ಮಾಡೋ ಯಂತ್ರ ಇರುತ್ತೆ, ಅದನ್ನ ಈ ಇಂಜೆಕ್ಷನ್ ಕಟ್ಟಿಹಾಕುತ್ತೆ ಅಂದ್ರು ಡಾಕ್ಟರು. ಹೊರಗೆ ಇನ್ನೂ ನಲವತ್ತು ಜನ ಕಾಯ್ತಿದ್ರು, ಮುಂದೆ ಕೇಳೋಕೆ ಬಾಯಿ ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡೋದರೊಳಗೆ ಅಪ್ಪ ಕೇಳಿದ್ರು: "ಕಸ ಕಟ್ಟಿಕೊಂಡ್ರೆ ರೋಗ ಬರುತ್ತೆ ಅಂತಾರೆ. ಇವರು ಕಸ ಕಟ್ಟಿಸಿ ರೋಗ ವಾಸಿ ಮಾಡ್ತಾರಾ?" ನಾನು ಓದಿದ್ದು ಬಿ.ಕಾಂ. ಸುಮ್ಮನಾದೆ.

ಇನ್ನೆರಡು ತಲೆನೋವು ಇದೆ. ತಮ್ಮ ಬೆಂಗಳೂರಿಂದ ಆರು ಡಬ್ಬಿ ಗ್ರೀನ್ ಟೀ ಕಳಿಸಿದಾನೆ, ಕ್ಯಾನ್ಸರಿಗೆ ಒಳ್ಳೇದಂತೆ. ಚಿಕ್ಕಪ್ಪ ವಾಟ್ಸಾಪಲ್ಲಿ "ಉಪವಾಸ ಮಾಡಿದ್ರೆ ಆಟೋಫೇಜಿ ಶುರುವಾಗಿ ದೇಹವೇ ಕ್ಯಾನ್ಸರನ್ನ ತಿಂದುಹಾಕುತ್ತೆ, ನೊಬೆಲ್ ಬಂದಿದೆ" ಅಂತ ಕಳಿಸಿದಾರೆ. ಅಪ್ಪ ಈ ಸಲದ ಏಕಾದಶಿಗೆ ನಿರ್ಜಲ ಅಂತ ಹಟ ಹಿಡಿದು ಕೂತಿದಾರೆ.

ಕೊನೇಪಂಕ್ತಿ:

ನಾನು ಡಾಕ್ಟರಲ್ಲ. ಅಡುಗೆ ಭಟ್ಟರ ಮಗ, 11 ವರ್ಷದಿಂದ ಲ್ಯಾಬಲ್ಲಿ ಜೀವಕೋಶ ಬೆಳೆಸೋ ಕೆಲಸ. ಹಾಗಾಗಿ ನನಗೆ ಎಲ್ಲಾ ಊಟದ ಮನೆ ಥರಾನೇ ಕಾಣೋದು.

ಪಂಕ್ತಿಯಲ್ಲಿ ಊಟ ಮುಗಿದವರು ಎಲೆ ಮಡಚ್ತಾರೆ. (ತನ್ನ ಕಡೆಗೋ ಆಚೆ ಕಡೆಗೋ ಅನ್ನೋ ಜಗಳ ಇಲ್ಲಿ ಬೇಡ.) ಮಡಚಿದ ಎಲೆಯನ್ನ ಮಾತ್ರ ಹುಡುಗರು ಎತ್ತುತ್ತಾರೆ. ಕೋಶದಲ್ಲೂ ಹೀಗೇ. ಕೆಲಸ ಮುಗಿದ, ಕೆಟ್ಟುಹೋದ ಪ್ರೋಟೀನಿಗೆ ಯುಬಿಕ್ವಿಟಿನ್ ಅನ್ನೋ 76 ಅಮೈನೋ ಆಮ್ಲಗಳ ಪುಟಾಣಿ ಪ್ರೋಟೀನು ಸರಪಳಿಯಾಗಿ ಅಂಟಿಕೊಳ್ಳುತ್ತೆ. ಎಲೆ ಮಡಚಿದ ಗುರುತು ಅದು. ಇದನ್ನ ಕಂಡುಹಿಡಿದ ಹೆರ್ಷ್ಕೊ, ಸೀಹಾನೊವರ್, ರೋಸ್ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಎಲೆ ಎತ್ತೋರು ಪ್ರೋಟಿಯಸೋಮ್: ಏಳೇಳು ತುಂಡಿನ ನಾಲ್ಕು ಬಳೆ ಒಂದರ ಮೇಲೊಂದು ಪೇರಿಸಿದ ಪೀಪಾಯಿ, ಕತ್ತರಿಗಳು ಒಳಗಡೆ. ಚೂರಾದದ್ದು ಕೊನೆಗೆ ಅಮೈನೋ ಆಮ್ಲವಾಗಿ ಮತ್ತೆ ಅಡುಗೆಮನೆಗೇ ಹೋಗುತ್ತೆ. ಇಲ್ಲಿ ನನ್ನ ಹೋಲಿಕೆ ಕೈಕೊಡುತ್ತೆ, ಎಂಜಲೆಲೆಯನ್ನ ಅಡುಗೆಮನೆಗೆ ಒಯ್ದರೆ ನಮ್ಮಪ್ಪ ಸೌಟಲ್ಲೇ ಬಾರಿಸ್ತಿದ್ರು.

ಮೈಲೋಮಾ ಹುಟ್ಟೋದು ಪ್ಲಾಸ್ಮಾ ಕೋಶದಲ್ಲಿ. ಅದರ ಕಸುಬೇ ಪ್ರತಿಕಾಯ ತಯಾರಿಸೋದು, ಒಂದೊಂದು ಕೋಶ ಸೆಕೆಂಡಿಗೆ ಸಾವಿರಗಟ್ಟಲೆ. ಕ್ಯಾನ್ಸರ್ ಆದ ಮೇಲೂ ಆ ಚಟ ಬಿಡಲ್ಲ, ಒಂದೇ ಥರದ್ದನ್ನ ಸುರೀತಾನೇ ಇರುತ್ತೆ. ನಿಮ್ಮ ತಂದೆಯ ರಿಪೋರ್ಟಲ್ಲಿ ಎಂ ಸ್ಪೈಕ್ ಅಂತ ಇದ್ರೆ ಅದೇ ಇದು. ಅಷ್ಟು ಅವಸರದ ಅಡುಗೆಯಲ್ಲಿ ಸೀದದ್ದು, ಮುದ್ದೆಯಾದದ್ದು ಬೇಕಾದಷ್ಟು ಇರುತ್ತಲ್ಲ. ಮಾಮೂಲಿ ಕೋಶ ಎಂಟು ಜನರ ತಿಥಿ ಊಟ, ಮೈಲೋಮಾ ಕೋಶ ಎರಡು ಸಾವಿರ ಜನರ ಮದುವೆ.

ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಒಂದು ಮದುವೆಯಲ್ಲಿ ಎಲೆ ಎತ್ತೋ ಹುಡುಗರು ಜಗಳ ಆಡಿಕೊಂಡು ಎದ್ದು ಹೋಗಿಬಿಟ್ರು. ಎರಡನೇ ಪಂಕ್ತಿಯೋರು ಬಾಗಿಲಲ್ಲಿ, ಎಂಜಲೆಲೆ ನೆಲದ ಮೇಲೆ, ನಡುವೆ ಬಿಸಿ ಸಾರಿನ ಪಾತ್ರೆ ಹಿಡಿದ ನಮ್ಮಪ್ಪ. ಹಿಂದೆ ಹೋಗೋ ಹಾಗಿಲ್ಲ, ಮುಂದೆ ಕಾಲಿಡೋಕೆ ಜಾಗ ಇಲ್ಲ. ಹದಿನೈದು ನಿಮಿಷದಲ್ಲಿ ಛತ್ರ ನಿಂತುಹೋಯ್ತು. ಅದೇ ಹುಡುಗರು ತಿಥಿ ಮನೆಯಿಂದ ಎದ್ದು ಹೋಗಿದ್ರೆ ಮನೆಯೋರೇ ಎಲೆ ಎತ್ತಿ ಮುಗಿಸ್ತಿದ್ರು. ನಿಮ್ಮಪ್ಪನ ಪ್ರಶ್ನೆಗೆ ಉತ್ತರ ಇಷ್ಟೇ.

ಕೋಶ ಸಾಯೋದು ಹೇಗೆ ಅಂದ್ರೆ, ಮುದ್ದೆಗಟ್ಟಿದ ಪ್ರೋಟೀನ್ ರಾಶಿ ಬಿದ್ದಾಗ ಅದು ಮೊದಲು ಒಲೆ ತಗ್ಗಿಸುತ್ತೆ. ಆಗಲೂ ಸುಧಾರಿಸದಿದ್ರೆ ತನ್ನನ್ನ ತಾನೇ ಮುಗಿಸಿಕೊಳ್ಳುತ್ತೆ. ನೋಕ್ಸಾ ಅನ್ನೋ ಪ್ರೋಟೀನನ್ನ ಪ್ರೋಟಿಯಸೋಮ್ ಆಗಾಗ ಎತ್ತಿಹಾಕ್ತಾ ಇರುತ್ತೆ, ಈಗ ಅದೂ ಉಳಿದು ಹೆಚ್ಚುತ್ತೆ. ಸಾವನ್ನ ತಡೆದು ನಿಂತಿದ್ದ ಎಂಸಿಎಲ್-1 ಅನ್ನೋ ಪ್ರೋಟೀನಿನ ಕೈ ಹಿಡಿದುಕೊಳ್ಳೋದು ಇದೇ. ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್-ಸಿ ಸೋರುತ್ತೆ, ಕ್ಯಾಸ್ಪೇಸ್ ಅನ್ನೋ ಕತ್ತರಿಸೋ ಕಿಣ್ವಗಳು ಎಚ್ಚೆತ್ತು ಕೋಶವನ್ನ ಒಳಗಿಂದಲೇ ಬಿಚ್ಚಿಹಾಕುತ್ತವೆ.

ಗ್ರೀನ್ ಟೀ ಬೇಡವೇ ಬೇಡ. ಬೋರ್ಟೆಜೋಮಿಬ್ ಅಣುವಿನಲ್ಲಿ ಒಂದು ಬೋರಾನ್ ಇದೆ, ಕತ್ತರಿಯ ಅಲಗಿಗೆ ಹೋಗಿ ಕಚ್ಚಿಕೊಳ್ಳೋದು ಅದೇ. ಗ್ರೀನ್ ಟೀಯಲ್ಲಿರೋ ಇಜಿಸಿಜಿ ಅನ್ನೋ ರಾಸಾಯನಿಕ ಆ ಬೋರಾನನ್ನ ದಾರಿಯಲ್ಲೇ ಹಿಡಿದುಬಿಡುತ್ತೆ. 2009ರಲ್ಲಿ ಇಲಿಗಳಲ್ಲಿ ನೋಡಿದಾಗ ಔಷಧಿ ಕೆಲಸವನ್ನೇ ಮಾಡಲಿಲ್ಲ. ವಿಟಮಿನ್ ಸಿ ಮಾತ್ರೆಗೂ ಇದೇ ಗುಮಾನಿ ಇದೆ. ಊಟಕ್ಕೆ ಒಂದು ಹೋಳು ನೆಲ್ಲಿಕಾಯಿ ಉಪ್ಪಿನಕಾಯಿ ಬೇರೆ ಮಾತು, ಮಾತ್ರೆಯನ್ನ ಮಾತ್ರ ಡಾಕ್ಟರನ್ನ ಕೇಳದೆ ಕೊಡಬೇಡಿ.

ಚಿಕ್ಕಪ್ಪ ಹೇಳಿದ ನೊಬೆಲ್ ನಿಜ. ಜಪಾನಿನ ಓಸುಮಿಗೆ, 2016. ಆದರೆ ಆಟೋಫೇಜಿ ಅಂದ್ರೆ ಕೋಶ ತನ್ನ ಕಸವನ್ನ ತಾನೇ ಅರಗಿಸಿಕೊಳ್ಳೋ ಇನ್ನೊಂದು ದಾರಿ, ಹಿತ್ತಲ ಗುಂಡಿ ಥರ. ಎಲೆ ಎತ್ತೋರು ಇಲ್ಲದಾಗ ಮೈಲೋಮಾ ಕೋಶ ಆ ಗುಂಡಿಗೇ ರಾಶಿ ಸುರಿದು ಬದುಕಿಕೊಳ್ಳೋಕೆ ನೋಡುತ್ತೆ. ಅದು ಯಾರ ಪಕ್ಷ ಅಂತ ಚಿಕ್ಕಪ್ಪನಿಗೆ ಗೊತ್ತಿಲ್ಲ.

ಹಗಲುಪಾಳಿ:

ಕಿಮೋ ಡೇಕೇರಲ್ಲಿ ಸಿಸ್ಟರ್ ಆಗಿದ್ದೆ. ನಿರ್ಜಲ ಉಪವಾಸ ಖಂಡಿತ ಬೇಡ ಮೇಡಂ, ಮೈಲೋಮಾದಲ್ಲಿ ಕಿಡ್ನಿಗೆ ನೀರು ಬೇಕೇ ಬೇಕು. ಡೆಕ್ಸಾ ಕೂಡ ಖಾಲಿ ಹೊಟ್ಟೆಗೆ ಆಗಲ್ಲ.

ಪಾದ ಜುಮ್ಮೆನ್ನುತ್ತಾ ಅಂತ ದಿನಾ ಕೇಳಿ. "ಏನಿಲ್ಲ" ಅಂತಾರೆ, ಗಂಡಸರು ಹಾಗೇ. ನಡೆಯುವಾಗ ಚಪ್ಪಲಿ ಕಳಚಿದ್ದು ಗೊತ್ತಾಗ್ತಿದೆಯಾ, ಅಂಗಿ ಗುಂಡಿ ಹಾಕೋಕೆ ಆಗ್ತಿದೆಯಾ ನೋಡಿ. ಈ ಇಂಜೆಕ್ಷನ್ ನರಕ್ಕೆ ತೊಂದರೆ ಕೊಡುತ್ತೆ. ಶುರುವಲ್ಲೇ ಹೇಳಿದ್ರೆ ಡೋಸ್ ಕಡಿಮೆ ಮಾಡ್ತಾರೆ, ತಡವಾದ್ರೆ ವಾಪಸ್ ಬರೋದು ನಿಧಾನ. ಮೊದಲೆಲ್ಲ ರಕ್ತನಾಳಕ್ಕೇ ಕೊಡ್ತಿದ್ವಿ, ಚರ್ಮಕ್ಕೆ ಕೊಡೋಕೆ ಶುರುವಾದ ಮೇಲೆ ಈ ಕಾಟ ಕಮ್ಮಿಯಾಗಿದೆ. ಹೋದ ವಾರದ ಕೆಂಪು ಮಚ್ಚೆಯಿಂದ ಒಂದಿಂಚಾದರೂ ದೂರ ಚುಚ್ಚಲಿ. ಅಸೈಕ್ಲೊವಿರ್ ಬರೆದಿದ್ರೆ ಬಿಡಿಸಬೇಡಿ, ಅದು ಸರ್ಪಸುತ್ತು ಏಳದ ಹಾಗೆ. ಮನೇಲಿ ಯಾರಾದ್ರೂ ಗರ್ಭಿಣಿ ಇದ್ರೆ ಲೆನಾಲಿಡೊಮೈಡನ್ನ ಮುಟ್ಟಬಾರದು.

ಕೊನೇಪಂಕ್ತಿ:

ಸಿಸ್ಟರ್ ಹೇಳಿದ್ದಕ್ಕೆ ಕಾರಣ ಇದೆ. ಲೆನಾಲಿಡೊಮೈಡ್ ಹುಟ್ಟಿದ್ದು ಥಾಲಿಡೊಮೈಡಿನಿಂದ. ಗರ್ಭಿಣಿಯರು ತಗೊಂಡು ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿ, 1961ರಲ್ಲಿ ವಾಪಸ್ ಪಡೆದ ಔಷಧಿ ಅದು. 1999ರಲ್ಲಿ ಮೈಲೋಮಾಕ್ಕೆ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು. ಅದು ಸೆರೆಬ್ಲಾನ್ ಅನ್ನೋ ಪ್ರೋಟೀನನ್ನ ಹಿಡಿಯುತ್ತೆ ಅಂತ ತಿಳಿದಿದ್ದು 2010ರಲ್ಲಿ, ಜಪಾನಲ್ಲಿ. ಸೆರೆಬ್ಲಾನ್ ಎಲೆ ಮಡಚಿಸೋ ಗುಂಪಿನದು. ಲೆನಾಲಿಡೊಮೈಡ್ ಅದರ ಕಿವಿಯೂದಿ, ಇನ್ನೂ ಉಣ್ತಾ ಕೂತ ಇಕಾರೋಸ್, ಐಯೋಲೋಸ್ ಅನ್ನೋ ಎರಡು ಪ್ರೋಟೀನುಗಳ ಎಲೆ ಮಡಚಿಸುತ್ತೆ. ಮೈಲೋಮಾ ಕೋಶಕ್ಕೆ ಅವರಿಬ್ಬರಿಲ್ಲದೆ ನಡೆಯಲ್ಲ. ಇಂಥ ಮೋಸವನ್ನ ಗರ್ಭಕಂಠದ ಕ್ಯಾನ್ಸರ್ ತರೋ ಎಚ್‌ಪಿವಿ ವೈರಸ್ಸೂ ಮಾಡುತ್ತೆ, ಅದು ಮಡಚಿಸೋದು ಕ್ಯಾನ್ಸರ್ ಆಗದ ಹಾಗೆ ಕಾಯೋ ಪಿ53 ಪ್ರೋಟೀನಿನ ಎಲೆ.

ತುಂಗೆದಂಡೆ:

ಎಲ್ಲಾ ಓದಿ ಹೇಳಿದೆ. ಉಪವಾಸ ಕೈಬಿಟ್ಟರು, ಗ್ರೀನ್ ಟೀ ಡಬ್ಬಿ ತಮ್ಮನಿಗೇ ವಾಪಸ್. ಆದ್ರೆ ಅಪ್ಪ ಕಂಡಕ್ಟರ್ ಅಲ್ವಾ, ಲೆಕ್ಕ ತಾಳೆಯಾಗದೆ ಬಿಡಲ್ಲ: "ಒಂದು ಔಷಧಿ ಎಲೆ ಎತ್ತೋರನ್ನ ಕಟ್ಟಿಹಾಕುತ್ತೆ. ಇನ್ನೊಂದು ಮಡಚಿಸಿದ ಎಲೆಯನ್ನ ಎತ್ತೋರು ಯಾರು ಹಾಗಾದ್ರೆ?"

ಕೊನೇಪಂಕ್ತಿ:

ನಮಸ್ಕಾರ ಹೇಳಿ ಅವರಿಗೆ. ಲ್ಯಾಬಲ್ಲಿ ಎರಡನ್ನೂ ಒಟ್ಟಿಗೇ ಸುರಿದ್ರೆ ಅವರಂದ ಹಾಗೇ ಆಗುತ್ತೆ, ಇಕಾರೋಸ್ ಕರಗೋದು ನಿಂತುಹೋಗುತ್ತೆ. ಆದರೆ ಮೈಯಲ್ಲಿ ಬೋರ್ಟೆಜೋಮಿಬ್ ಹಿಡಿತ ಖಾಯಂ ಅಲ್ಲ. ಎರಡು ಇಂಜೆಕ್ಷನ್ ನಡುವೆ ಕನಿಷ್ಠ 72 ಗಂಟೆ ಇರಲಿ ಅನ್ನೋದು ಅದಕ್ಕೇ, ಅಷ್ಟರಲ್ಲಿ ಒಳ್ಳೇ ಕೋಶಗಳ ಪ್ರೋಟಿಯಸೋಮ್ ಸುಧಾರಿಸಿಕೊಳ್ಳಬೇಕು. ಅವರಿಗೆ ವಾರಕ್ಕೊಂದೇ ತಾನೆ? ಕ್ಯಾಪ್ಸೂಲು ಹೆಚ್ಚಿನ ದಿನ ಇರುತ್ತೆ. ಇಂಜೆಕ್ಷನ್ ಆದ ಒಂದೆರಡು ದಿನ ಎಲೆ ಎತ್ತೋರಿಗೆ ರಜೆ. ಆಮೇಲೆ ಅವರು ಡ್ಯೂಟಿಗೆ ಬಂದಾಗ ಇಕಾರೋಸನ ಎಲೆ ಮಡಚಿಟ್ಟು ಕಾಯ್ತಾ ಇರುತ್ತೆ.