65 ದಾಟಿದ ಮೇಲೆ ಖಾಸಗಿ ಜೆಟ್: ಯಾವ ಹಾರಾಟಕ್ಕೆ ಅಡ್ಡಿ, ಯಾವುದಕ್ಕಿಲ್ಲ?

ಎಡಸೀಟು:
ಏರ್‌ಲೈನ್‌ನಲ್ಲಿ ಏರ್‌ಬಸ್ ಎ320 ಕ್ಯಾಪ್ಟನ್. 65 ತುಂಬಲು ಐದು ತಿಂಗಳಿದೆ, ಕ್ಲಾಸ್ ಒನ್ ಮೆಡಿಕಲ್ (ವಾಣಿಜ್ಯ ಪೈಲಟ್‌ಗೆ ಬೇಕಾದ ಆರೋಗ್ಯ ಪ್ರಮಾಣಪತ್ರ) ಚಾಲ್ತಿಯಲ್ಲಿದೆ. ಎರಡು ಕಡೆಯಿಂದ ಕರೆ ಬಂದಿದೆ. ಒಂದು ಚಾರ್ಟರ್ (ಬಾಡಿಗೆ ವಿಮಾನ) ಕಂಪನಿಯ ಚಾಲೆಂಜರ್ 605. ಇನ್ನೊಂದು ಒಬ್ಬ ಮಾಲೀಕರ ಸ್ವಂತ ಫಾಲ್ಕನ್ 7ಎಕ್ಸ್, ಕೇಮನ್ ದ್ವೀಪಗಳ ನೋಂದಣಿ. ಎರಡರಲ್ಲೂ ಇಬ್ಬರು ಪೈಲಟ್, ದೇಶದಿಂದ ದೇಶಕ್ಕೆ ಹಾರಾಟ. "ಖಾಸಗಿ ಜೆಟ್‌ಗೆ ವಯಸ್ಸಿನ ಮಿತಿಯೇ ಇಲ್ಲ" ಅಂತಾರಲ್ಲ, ಅದು ಎಷ್ಟು ನಿಜ? ಏರ್‌ಲೈನ್‌ನಿಂದ ಬಂದವರು ಮೊದಲು ಎಡವುವುದು ಎಲ್ಲಿ?

ನಿಯಮಪುಸ್ತಕ:
ಅರ್ಧ ನಿಜ. ಮಿತಿ ಇರುವುದು ವಿಮಾನಕ್ಕಲ್ಲ, ಆ ದಿನದ ಹಾರಾಟಕ್ಕೆ. ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಲೈಸೆನ್ಸ್ ನಿಯಮಗಳ ಅನೆಕ್ಸ್ 1ರ ಪ್ರಕಾರ ಅಂತರರಾಷ್ಟ್ರೀಯ ವಾಣಿಜ್ಯ ಹಾರಾಟದಲ್ಲಿ ಒಬ್ಬನೇ ಪೈಲಟ್ ಇದ್ದರೆ 60, ಇಬ್ಬರಿದ್ದರೆ 65. ಚಾರ್ಟರ್ ಕೂಡ ವಾಣಿಜ್ಯವೇ. ಆದ್ದರಿಂದ ನಿಮ್ಮ ಚಾಲೆಂಜರ್ ಕೆಲಸದ ಆಯುಸ್ಸು ಐದೇ ತಿಂಗಳು. ಅಷ್ಟಕ್ಕೆ ಹೊಸ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡುವುದು ದಂಡ. ಮಾಲೀಕರು ತಮ್ಮ ವಿಮಾನದಲ್ಲಿ ತಮ್ಮ ಕೆಲಸಕ್ಕೆ, ಯಾರಿಂದಲೂ ದುಡ್ಡು ಪಡೆಯದೆ ಹೋಗುವುದಾದರೆ ಅದು ಅನೆಕ್ಸ್ 6ರ ಎರಡನೇ ಭಾಗಕ್ಕೆ (ಖಾಸಗಿ ಹಾರಾಟದ ನಿಯಮ) ಬರುತ್ತದೆ. ಅಲ್ಲಿ ಈ ಮಿತಿ ಅನ್ವಯಿಸುವುದಿಲ್ಲ.

ಅಮೆರಿಕದ ಉದಾಹರಣೆ ನೋಡಿ ಮೋಸಹೋಗಬೇಡಿ. ಅಲ್ಲಿ ದೇಶದೊಳಗೆ 65 ದಾಟಿದವರೂ ಚಾರ್ಟರ್ ಹಾರಿಸಬಹುದು, ತುಂಬಾ ದೊಡ್ಡ ಕಂಪನಿಗಳಿಗೆ ಮಾತ್ರ 70ರ ಮಿತಿ. ಗಡಿ ದಾಟಿದ ಕೂಡಲೇ ಮತ್ತೆ 65.

ಇನ್ನು ಕಾಗದಪತ್ರ. ಷಿಕಾಗೊ ಒಪ್ಪಂದದ 32ನೇ ವಿಧಿಯಂತೆ ಲೈಸೆನ್ಸನ್ನು ವಿಮಾನ ನೋಂದಣಿಯಾದ ದೇಶವೇ ಕೊಟ್ಟಿರಬೇಕು, ಇಲ್ಲವೇ ಮಾನ್ಯ ಮಾಡಿರಬೇಕು. ಅಂದರೆ ನಿಮಗೆ ಕೇಮನ್ ಪ್ರಾಧಿಕಾರದ ವ್ಯಾಲಿಡೇಷನ್ (ಮಾನ್ಯತೆ ಪತ್ರ) ಬೇಕು. ಅದು ಮೂಲ ಲೈಸೆನ್ಸ್ ಮೇಲೆ ನಿಂತಿರುವುದರಿಂದ ಮೆಡಿಕಲ್ ತಪ್ಪಿದ ದಿನವೇ ಅದೂ ನಿರುಪಯೋಗಿ. 60 ದಾಟಿದವರಿಗೆ ಮೆಡಿಕಲ್ ಆರು ತಿಂಗಳಿಗೊಮ್ಮೆ. ಮುಂದೆಂದಾದರೂ 'ಎನ್' ನೋಂದಣಿಯ, ಅಂದರೆ ಅಮೆರಿಕದ, ವಿಮಾನ ಸಿಕ್ಕರೆ ಎಚ್ಚರ: ವಿದೇಶಿ ಲೈಸೆನ್ಸ್ ತೋರಿಸಿ ಅಲ್ಲಿನ 61.75 ನಿಯಮದಡಿ ಸಿಗುವುದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಅಷ್ಟೇ. ಅದನ್ನಿಟ್ಟುಕೊಂಡು ಸಂಬಳಕ್ಕೆ ಹಾರಿಸುವಂತಿಲ್ಲ.

ಕಾನೂನು ಬಿಟ್ಟರೂ ವಿಮೆ ಬಿಡುವುದಿಲ್ಲ. ಪಾಲಿಸಿಯಲ್ಲಿ ಪೈಲಟ್‌ನ ವಯಸ್ಸು, ಆ ಟೈಪ್‌ನಲ್ಲಿ ಹಾರಿಸಿದ ಗಂಟೆ, ಕಳೆದ ಸಿಮ್ಯುಲೇಟರ್ ತರಬೇತಿಯ ತಾರೀಖಿಗೆ ಷರತ್ತು ಇರಬಹುದು. ನಿಮ್ಮ ಹೆಸರು, ಜನ್ಮದಿನಾಂಕ ನಮೂದಿಸಿ ವಿಮೆಯವರು ಒಪ್ಪಿದ ಪತ್ರ ಕೈಗೆ ಬರುವ ತನಕ ರಾಜೀನಾಮೆ ಬರೆಯಬೇಡಿ.

ಸಿಮ್‌ಕೋಣೆ:
ಎ320 ರೇಟಿಂಗ್ ನೇರವಾಗಿ ಉಪಯೋಗಕ್ಕೆ ಬರುವುದು ಎಸಿಜೆ319, ಎಸಿಜೆ320ಯಂಥವಕ್ಕೆ (ಅದೇ ಏರ್‌ಬಸ್‌ಗಳ ಖಾಸಗಿ ಜೆಟ್ ರೂಪ) ಮಾತ್ರ. 737 ಹಾರಿಸಿದವರಿಗೆ ಬಿಬಿಜೆ, ಸಿಆರ್‌ಜೆ200 ಹಾರಿಸಿದವರಿಗೆ ಚಾಲೆಂಜರ್ 850 ಹೀಗೆಯೇ ಹತ್ತಿರ. ಮಿಕ್ಕವಕ್ಕೆಲ್ಲ ಹೊಸ ರೇಟಿಂಗ್, ಸಾಮಾನ್ಯವಾಗಿ ಮೂರು-ನಾಲ್ಕು ವಾರ. 7ಎಕ್ಸ್‌ನಲ್ಲಿ ಏರ್‌ಬಸ್‌ನಂತೆಯೇ ಸೈಡ್‌ಸ್ಟಿಕ್ (ಪಕ್ಕದ ಸಣ್ಣ ಹಿಡಿ), ಫ್ಲೈ-ಬೈ-ವೈರ್ (ಕಂಪ್ಯೂಟರ್ ಮೂಲಕ ನಿಯಂತ್ರಣ) ಎರಡೂ ಇರುವುದರಿಂದ ನಿಮ್ಮ ಕೈಗೆ ಬೇಗ ಕೂರುತ್ತದೆ. 605ರಲ್ಲಿ ಯೋಕ್ (ಸ್ಟೀರಿಂಗ್‌ನಂಥ ಹಿಡಿ), ಟ್ರಿಮ್ (ಮೂತಿಯ ಸಮತೋಲ ಹೊಂದಿಸುವ ಗುಂಡಿ) ಹೆಬ್ಬೆರಳಲ್ಲಿ ನೀವೇ ಒತ್ತಬೇಕು, ಅನೇಕ ವಿಮಾನಗಳಲ್ಲಿ ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ಕೂಡ ಇಲ್ಲ. ವರ್ಷಗಟ್ಟಲೆ ಏರ್‌ಬಸ್‌ನಲ್ಲಿ ಕೂತವರ ವೇಗ ಅಪ್ರೋಚ್‌ನಲ್ಲಿ ಜಾರುವುದು ಇದಕ್ಕೇ.

ಇಳಿಯುವಾಗ ಕಣ್ಣಿನ ಎತ್ತರ ಬೇರೆ. ದೊಡ್ಡ ವಿಮಾನದ ಅಭ್ಯಾಸದಲ್ಲಿ ಮೇಲೆಯೇ ಫ್ಲೇರ್ ಮಾಡಿದರೆ (ನೆಲ ಮುಟ್ಟುವ ಮುಂಚೆ ಮೂತಿ ಎತ್ತಿದರೆ) ವಿಮಾನ ತೇಲುತ್ತಾ ರನ್‌ವೇ ತಿನ್ನುತ್ತದೆ.

ಅದಕ್ಕಿಂತ ಮುಖ್ಯ ರನ್‌ವೇ ಲೆಕ್ಕ. ಏರ್‌ಲೈನ್‌ನಲ್ಲಿ ಲಭ್ಯ ಉದ್ದದ ಶೇ. 60ರೊಳಗೆ ನಿಲ್ಲಬೇಕೆಂಬ ಲೆಕ್ಕವನ್ನು ಹೊರಡುವ ಮುಂಚೆಯೇ ಯಾರೋ ಮಾಡಿಟ್ಟಿರುತ್ತಾರೆ. ವಿಮಾನದ ಪುಸ್ತಕದಲ್ಲಿರುವ ಇಳಿಯುವ ದೂರ 3,000 ಅಡಿಯಾದರೆ ಬೇಕಾದ ರನ್‌ವೇ 5,000 ಅಡಿ, ಒದ್ದೆಯಿದ್ದರೆ ಶೇ. 15 ಸೇರಿಸಿ 5,750. ಅಮೆರಿಕದ ಪಾರ್ಟ್ 91ರಂಥ ಖಾಸಗಿ ನಿಯಮದಲ್ಲಿ ಈ ಅಂಚು ಕಡ್ಡಾಯವಲ್ಲ, 3,000ಕ್ಕೆ 3,200 ಅಡಿ ಇದ್ದರೂ ಕಾನೂನು ಸುಮ್ಮನಿರುತ್ತದೆ. ಆದರೆ ಆ 3,000 ಟೆಸ್ಟ್ ಪೈಲಟ್ ಒಣ ರನ್‌ವೇ ಮೇಲೆ ಪೂರ್ತಿ ಬ್ರೇಕ್ ಒತ್ತಿ ತಂದ ಅಂಕಿ. ಮೂರು ಡಿಗ್ರಿ ಇಳಿಜಾರಿನಲ್ಲಿ ರನ್‌ವೇ ತುದಿಯನ್ನು ಬರೀ 10 ಅಡಿ ಹೆಚ್ಚು ಎತ್ತರದಲ್ಲಿ ದಾಟಿದರೂ ಸುಮಾರು 190 ಅಡಿ ಹೋಯಿತು. ನಿಯಮ ಕೇಳದಿದ್ದರೂ ಏರ್‌ಲೈನ್ ಲೆಕ್ಕವನ್ನೇ ಇಟ್ಟುಕೊಳ್ಳಿ, ಮಾಲೀಕರಿಗೆ ಮೊದಲ ದಿನವೇ ತಿಳಿಸಿಬಿಡಿ.

7ಎಕ್ಸ್ 51,000 ಅಡಿಯವರೆಗೆ ಏರುತ್ತದೆ. 45,000ದ ಮೇಲೆ ಒತ್ತಡ ಹೋದರೆ ಎಚ್ಚರವಿರುವುದು ಹತ್ತು-ಹನ್ನೆರಡು ಸೆಕೆಂಡು. ಮಾಸ್ಕ್ ಎಳೆದು ಹಾಕುವ ಅಭ್ಯಾಸ ಬ್ರೀಫಿಂಗ್‌ನ ಮಾತಾಗಿ ಉಳಿಯಬಾರದು. ಇನ್ನೊಂದು, ಇದುವರೆಗೆ ಬೇರೆಯವರು ನಿಮ್ಮ ವೇಕ್‌ಗೆ (ವಿಮಾನದ ಹಿಂದೆ ಉಳಿಯುವ ಗಾಳಿಯ ಸುಳಿ) ಹೆದರುತ್ತಿದ್ದರು, ಈಗ ಸರದಿ ನಿಮ್ಮದು. 2017ರ ಜನವರಿಯಲ್ಲಿ ಅರಬ್ಬಿ ಸಮುದ್ರದ ಮೇಲೆ ಎ380 ಒಂದರ ಕೆಳಗೆ ಹಾದುಹೋದ ಚಾಲೆಂಜರ್ 604 ಸುತ್ತು ಸುತ್ತಾಗಿ ಉರುಳಿ ಸಾವಿರಾರು ಅಡಿ ಕುಸಿಯಿತು. ಅನುಮತಿ ಇರುವ ಕಡೆ ಬಲಕ್ಕೆ ಒಂದೆರಡು ಮೈಲಿ ಆಫ್‌ಸೆಟ್ ತೆಗೆದುಕೊಳ್ಳಿ (ನಿಗದಿತ ಮಾರ್ಗದಿಂದ ಸರಿದು ಹಾರಿ).

ರ‍್ಯಾಂಪ್:
ಮೇಲಿನವರು ಆಕಾಶದ್ದು ಹೇಳಿದರು, ನೆಲದ್ದು ನಾನು ಸೇರಿಸುತ್ತೇನೆ. ಪರ್ಮಿಟ್, ಸ್ಲಾಟ್, ಇಂಧನ, ಹೋಟೆಲ್, ಕ್ಯಾಟರಿಂಗ್, ಟಾಯ್ಲೆಟ್ ಸರ್ವಿಸ್, ಕೊನೆಗೆ ಪಿಟೋ ಕವರ್ (ವೇಗ ಅಳೆಯುವ ನಳಿಕೆಯ ಮುಚ್ಚಳ) ತೆಗೆಯುವುದು, ಎಲ್ಲ ಇಬ್ಬರ ಪಾಲಿಗೆ. ಸೂಟ್‌ಕೇಸ್ ಎತ್ತಲು ನಾಚಿಕೆಯಾಗುವವರಿಗೆ ಈ ಕೆಲಸ ಬೇಡ. ತೂಕದ ಲೆಕ್ಕವೂ ನಿಮ್ಮದೇ: 2005ರಲ್ಲಿ ಅಮೆರಿಕದ ಟೀಟರ್‌ಬರೋದಲ್ಲಿ ಚಾಲೆಂಜರ್ 600 ಒಂದು ಮೇಲೇಳಲಾರದೆ ರನ್‌ವೇ ದಾಟಿ ಹೋಗಿದ್ದು ತೂಕದ ಕೇಂದ್ರ ಮಿತಿಗಿಂತ ಮುಂದಿದ್ದುದರಿಂದ.

ಆದರೂ ನಿಜವಾದ ಅಪಾಯ ಸಲಿಗೆ. ಇಬ್ಬರೇ ಪೈಲಟ್‌ಗಳು ವರ್ಷಾನುಗಟ್ಟಲೆ ಜೊತೆಗಿದ್ದರೆ ಚೆಕ್‌ಲಿಸ್ಟ್ ಓದುವುದು ನಿಂತೇಹೋಗುತ್ತದೆ. 2014ರಲ್ಲಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ 4 ಗಸ್ಟ್ ಲಾಕ್ (ನಿಂತಾಗ ಗಾಳಿಗೆ ಅಲುಗದಂತೆ ನಿಯಂತ್ರಣಗಳಿಗೆ ಹಾಕುವ ಬೀಗ) ತೆಗೆಯದೆ ಓಡಿ ಏಳು ಜನ ಸತ್ತರು. ರೆಕಾರ್ಡರ್ ತೆಗೆದು ನೋಡಿದರೆ ಹಿಂದಿನ 175 ಟೇಕಾಫ್‌ಗಳಲ್ಲಿ ಶೇ. 98ರಷ್ಟಕ್ಕೆ ಕಂಟ್ರೋಲ್ ಚೆಕ್ ಪೂರ್ತಿ ಆಗಿರಲಿಲ್ಲ. ಏರ್‌ಲೈನ್‌ನಲ್ಲಾದರೆ ಡೇಟಾ ನೋಡಿ ಯಾರಾದರೂ ಕರೆದು ಕೇಳುತ್ತಿದ್ದರು. ಇಲ್ಲಿ ಕೇಳುವವರಿಲ್ಲ.

ಎಡಸೀಟು:
ಮೂವರಿಗೂ ವಂದನೆ. 7ಎಕ್ಸ್ ಕಡೆಯೇ ವಾಲುತ್ತಿದ್ದೇನೆ. ಆದರೆ ಕರಾರಿನಲ್ಲಿ "ಆಗಾಗ ಮ್ಯಾನೇಜ್‌ಮೆಂಟ್ ಕಂಪನಿಯ ಮೂಲಕ ಹೊರಗಿನವರಿಗೂ ಕೊಡಲಾಗುವುದು" ಎಂಬ ಸಾಲಿದೆ. ತರಬೇತಿ ಖರ್ಚು ಅವರದು, 24 ತಿಂಗಳ ಬಾಂಡ್ (ಅದಕ್ಕೂ ಮುಂಚೆ ಬಿಟ್ಟರೆ ಖರ್ಚು ವಾಪಸ್ ಕೊಡಬೇಕು).

ನಿಯಮಪುಸ್ತಕ:
ಆ ಸಾಲೇ ಸಮಸ್ಯೆ. ದುಡ್ಡು ಕೊಟ್ಟವರು ಹತ್ತಿದ ಕೂಡಲೇ ಅದು ಚಾರ್ಟರ್, ನೀವು ಆ ಸೀಟಿನಲ್ಲಿ ಇರುವಂತಿಲ್ಲ. ಪರವಾನಗಿಯೇ ಇಲ್ಲದೆ "ಇಂಧನದ ಖರ್ಚು ಅಷ್ಟೇ" ಎಂದು ಸ್ನೇಹಿತರಿಂದ ವಸೂಲಿ ಮಾಡಿದರಂತೂ ವಿಮೆಯೂ ಕೈಕೊಡಬಹುದು, ಲೈಸೆನ್ಸಿಗೂ ಕುತ್ತು.

ಕರಾರಿನಲ್ಲಿ ನಾಲ್ಕು ತಿದ್ದುಪಡಿ ಕೇಳಿ. ನೀವು ಹಾರಿಸುವುದು ಮಾಲೀಕರ ಸ್ವಂತ ಪ್ರಯಾಣ ಮಾತ್ರ, ಚಾರ್ಟರ್‌ಗೆ ಬೇರೆ ಕ್ಯಾಪ್ಟನ್. ಬಾಂಡ್ ಮೊತ್ತ ತಿಂಗಳಿಗೆ 24ರಲ್ಲಿ ಒಂದು ಪಾಲಿನಂತೆ ಇಳಿಯಬೇಕು. ವಯಸ್ಸು, ಮೆಡಿಕಲ್ ಅಥವಾ ವಿಮೆಯ ಕಾರಣಕ್ಕೆ ಹಾರಿಸದಂತೆ ಕೂರಿಸಿದರೆ ಬಾಂಡ್ ವಸೂಲಿ ಇರಬಾರದು. ವಿಮಾನ ಮಾರಿದರೆ ಇಷ್ಟು ತಿಂಗಳ ನೋಟಿಸ್ ಅಥವಾ ಸಂಬಳ ಎಂದು ಬರೆದಿರಲಿ. ಜೆಟ್ ಮಾರಾಟವಾದ ದಿನ ಕೆಲಸವೂ ಹೋಗುತ್ತದೆ.

ಸಹಿ ಹಾಕಿದ ಮೇಲೂ ಪ್ರತಿ ಬಾರಿ ಫ್ಲೈಟ್ ಪ್ಲಾನ್‌ನ 8ನೇ ಕಲಮು (ಹಾರಾಟದ ಬಗೆ ಬರೆಯುವ ಜಾಗ) ನೋಡಿ. ಅಲ್ಲಿ 'ಜಿ' ಇದ್ದರೆ ಖಾಸಗಿ. 'ಎನ್' (ಇಲ್ಲಿ ಅಮೆರಿಕದ ನೋಂದಣಿಯಲ್ಲ, ವೇಳಾಪಟ್ಟಿಯಿಲ್ಲದ ವಾಣಿಜ್ಯ ಹಾರಾಟದ ಗುರುತು) ಕಂಡರೆ ಯಾರೋ ಅದನ್ನು ವಾಣಿಜ್ಯ ಹಾರಾಟವೆಂದು ಫೈಲ್ ಮಾಡಿದ್ದಾರೆ, ಬಾಗಿಲು ಹಾಕುವ ಮುಂಚೆ ಫೋನ್ ಮಾಡಿ. 'ಜಿ' ಎಂದು ಬರೆದು ದುಡ್ಡಿನ ಪ್ರಯಾಣಿಕರನ್ನು ಹತ್ತಿಸುವವರೂ ಇದ್ದಾರೆ. ಹಾಗಾಗಿ ಪ್ರಯಾಣಿಕರ ಪಟ್ಟಿಯನ್ನೂ ಓದಿ.